ಅಪ್‌ಡೇಟ್: ರಿಕಂಬೆಂಟ್ ಸೈಕಲ್, ಹಳೆಯದೇ ಸರಿ ಅಂತಾಯ್ತು

600 ಡಾಲರ್ ಒಳಗೆ ಅಮೆರಿಕದಲ್ಲಿ ಯಾವ ರಿಕಂಬೆಂಟ್ (ಹಿಂದಕ್ಕೆ ಒರಗಿ ಕೂತು, ಕಾಲು ಮುಂದೆ ಚಾಚಿ ತುಳಿಯುವ ಸೈಕಲ್) ಸಿಗುತ್ತೆ ಅಂತ ಕೇಳಿದ್ದೆ. ಉತ್ತರಿಸಿದ ಎಲ್ಲರಿಗೂ ಥ್ಯಾಂಕ್ಸ್. ಕೊನೆಗೆ ಆರಿಸಿದ್ದು ಸೆಕೆಂಡ್ ಹ್ಯಾಂಡ್ ರ‍್ಯಾನ್ಸ್ ವಿ-ರೆಕ್ಸ್: ಹಿಂದೆ 26 ಇಂಚು, ಮುಂದೆ 20 ಇಂಚಿನ ಚಕ್ರ.

ಮುಖ್ಯ ಕಾರಣ ಸೀಟು. ಕಾಲಿನ ಉದ್ದಕ್ಕೆ ಹೊಂದಿಸೋಕೆ ಬೂಮ್ (ಪೆಡಲ್ ಹೊತ್ತ ಮುಂದಿನ ಕೊಳವೆ) ಉದ್ದ ಮಾಡುವ ಮಾದರಿಗಳಲ್ಲಿ ಬೂಮ್ 1 ಸೆಂ.ಮೀ. ಎಳೆದರೆ ಚೈನು ಸುಮಾರು 2 ಸೆಂ.ಮೀ. ಹೆಚ್ಚು ಬೇಕು. ಇದರಲ್ಲಿ ಸೀಟೇ ಹಿಂದೆ ಮುಂದೆ ಜರುಗುತ್ತೆ, ಚೈನಿಗೆ ಕೈ ಹಚ್ಚಬೇಕಾಗಿಲ್ಲ.

ಕೊಳ್ಳುವ ಮುಂಚೆ ಚೈನು ಅಳೆಯಿರಿ. 12 ಇಂಚಿನ ಉದ್ದ 1/16 ಇಂಚು ಹಿಗ್ಗಿದ್ದರೆ ಚೈನು ಬದಲಿಸಬೇಕು. 1/8 ಹಿಗ್ಗಿದ್ದರೆ ಹಿಂದಿನ ಕ್ಯಾಸೆಟ್ಟೂ (ಹಿಂಚಕ್ರದ ಹಲ್ಲುಚಕ್ರಗಳ ಗುಚ್ಛ) ಸವೆದು ಹೋಗಿರುತ್ತೆ. ಸಾಮಾನ್ಯ ಸೈಕಲ್‌ಗೆ ಒಂದು ಚೈನು ಸಾಕು, ಇದಕ್ಕೆ ಎರಡಕ್ಕೂ ಮೀರಿ ಜೋಡಿಸಬೇಕು. ಅಗ್ಗದ ಸೈಕಲ್ ದುಬಾರಿಯಾಗೋದು ಇಲ್ಲೇ! ಐಡ್ಲರ್ ಚಕ್ರ (ಉದ್ದ ಚೈನಿಗೆ ದಾರಿ ತೋರುವ ಚಿಕ್ಕ ಗಾಲಿ) ಅಲುಗಾಡುತ್ತಾ, ವೆಲ್ಡಿಂಗ್ ಹತ್ತಿರ ಪೇಂಟ್ ಬಿರುಕು ಬಿಟ್ಟಿದೆಯಾ ನೋಡಿ. ಬಿರುಕಿದ್ದರೆ ಚೌಕಾಸಿಯೇ ಬೇಡ, ವಾಪಸ್ ಬನ್ನಿ.

ಟೈರ್ ಕೊಳ್ಳುವಾಗ ಬರೀ ‘20 ಇಂಚು’ ಅನ್ನಬೇಡಿ. ರಿಮ್ಮಿನಲ್ಲಿ ಟೈರ್ ಕೂರುವ ಕಡೆಯ ವ್ಯಾಸ 406 ಮಿ.ಮೀ. ಇರೋದು ಮತ್ತು 451 ಮಿ.ಮೀ. ಇರೋದು ಬೇರೆ ಬೇರೆ, ಒಂದರ ಟೈರ್ ಇನ್ನೊಂದಕ್ಕೆ ಕೂರಲ್ಲ. ಇದಕ್ಕೆ 406.

ದಿಬ್ಬದಲ್ಲಿ ಎದ್ದು ನಿಂತು ತುಳಿಯೋಕೆ ಆಗಲ್ಲವಾದ್ದರಿಂದ ಮುಂದಿನ ಚಿಕ್ಕ ಚೈನ್‌ರಿಂಗ್ (ಪೆಡಲ್ ಬಳಿಯ ಹಲ್ಲುಚಕ್ರ) 30 ಹಲ್ಲಿನದಿದ್ದರೆ 24ಕ್ಕೆ ಇಳಿಸೋದು ವಾಸಿ. ಚೈನ್‌ರಿಂಗ್ ಬೋಲ್ಟ್‌ಗಳು ಕೂರುವ ವೃತ್ತದ ವ್ಯಾಸ 74 ಮಿ.ಮೀ. ಇದ್ದರೆ ನೇರ ಕೂರುತ್ತೆ. ತೀರಾ ಕಿರಿದಾದ ತಿರುವಿನಲ್ಲಿ ಹಿಮ್ಮಡಿ ಮುಂದಿನ ಟೈರಿಗೆ ತಾಗಬಹುದು. ಅಲ್ಲಿ ಪೆಡಲ್ ನಿಲ್ಲಿಸಿ.