1ರ ಪಕ್ಕದ ಎಸ್‌ಟಿ, ಮಾರ್ಕ್ಸ್ ರೋಡಿನ ಎಸ್‌ಟಿ: ಎರಡೂ ಒಂದೇನಾ?

ಪ್ರಶ್ನೆ: ವಿಳಾಸಪಟ್ಟಿ
ಬೆಂಗಳೂರಿನ ವಿಳಾಸಗಳ ಇಂಗ್ಲಿಷ್ ಪಟ್ಟಿಯೊಂದನ್ನು ಕನ್ನಡಕ್ಕೆ ತರಬೇಕಿದೆ. ‘ಫಸ್ಟ್ ಕ್ರಾಸ್’ ಅನ್ನೋದಕ್ಕೆ 1ರ ಪಕ್ಕ ಎಸ್, ಟಿ ಇದೆ. ಸೇಂಟ್ ಮಾರ್ಕ್ಸ್ ರೋಡಿಗೂ ಅದೇ ಎರಡಕ್ಷರ, ಚರ್ಚ್ ಸ್ಟ್ರೀಟಿಗೂ ಅದೇ. ಎಲ್ಲ ಕಡೆ ‘ಸ್ಟ್ರೀಟ್’ ಅಂತ ರಿಪ್ಲೇಸ್ ಕೊಟ್ಟರೆ ‘ಸ್ಟ್ರೀಟ್ ಮಾರ್ಕ್ಸ್ ರೋಡ್’, ‘1ಸ್ಟ್ರೀಟ್ ಕ್ರಾಸ್’ ಬರ್ತಿದೆ. ಇವುಗಳ ಮೂಲ ಒಂದೇನಾ? ಬೇರ್ಪಡಿಸೋದು ಹೇಗೆ? ಇನ್ನೊಂದು, 21ಕ್ಕೆ ಎಸ್‌ಟಿ ಇದ್ದು 11ಕ್ಕೆ ಯಾಕಿಲ್ಲ?

ಉತ್ತರ: ಪದಮೂಲ
ಮೂರಕ್ಕೂ ಮೂಲ ಬೇರೆ ಬೇರೆ. 1ರ ಪಕ್ಕದ್ದು ಪ್ರತ್ಯಯದ ಬಾಲ. ‘ಫಸ್ಟ್’ ಅಂದರೆ ಹಳೆ ಇಂಗ್ಲಿಷಿನಲ್ಲಿ ‘ಎಲ್ಲಕ್ಕಿಂತ ಮುಂದಿನದು’. ‘ಟಾಲೆಸ್ಟ್’, ‘ಫಾಸ್ಟೆಸ್ಟ್’ಗಳ ಕೊನೆಯಲ್ಲಿರುವುದೂ ಇದೇ ಪ್ರತ್ಯಯ. ಇದರ ನೆಂಟ ನಮ್ಮ ಬಾಯಲ್ಲೇ ಇದ್ದಾನೆ: ಸಂಸ್ಕೃತದ ‘ಇಷ್ಠ’. ಜ್ಯೇಷ್ಠ, ಕನಿಷ್ಠ, ಗರಿಷ್ಠ, ಶ್ರೇಷ್ಠ ಇವುಗಳ ‘ಷ್ಠ’ವೂ ಫಸ್ಟ್‌ನ ‘ಸ್ಟ್’ ಕೂಡ ಒಂದೇ ಬೇರಿನ ಚಿಗುರು. ಹಾಗೆಯೇ ‘ಫೋರ್ತ್’, ‘ಸಿಕ್ಸ್ತ್’ಗಳ ಕೊನೆಯ ದನಿಗೆ ಚತುರ್ಥ, ಷಷ್ಠಗಳ ಕೊನೆ ಹತ್ತಿರದ ಸಂಬಂಧಿ. ‘ಸೆಕೆಂಡ್’ ಮಾತ್ರ ಈ ಮನೆಯದಲ್ಲ. ಅದು ಲ್ಯಾಟಿನ್ನಿನ ‘ಹಿಂಬಾಲಿಸುವ’ ಎಂಬರ್ಥದ ಪದ, ಫ್ರೆಂಚ್ ಮೂಲಕ ಬಂತು. ಅದಕ್ಕೂ ಮುಂಚೆ ಇಂಗ್ಲಿಷರು ಎರಡನೆಯದಕ್ಕೆ ‘ಅದರ್’ ಅನ್ನುತ್ತಿದ್ದರು.

ಸೇಂಟ್ ಬಂದದ್ದು ಲ್ಯಾಟಿನ್ನಿನ ‘ಸಾಂಕ್ಟುಸ್’ನಿಂದ. ಸ್ಟ್ರೀಟ್ ಬಂದದ್ದು ‘ವಿಯಾ ಸ್ಟ್ರಾಟಾ’ದಿಂದ, ಅಂದರೆ ಕಲ್ಲು ಹಾಸಿದ ದಾರಿ. ಎರಡರಲ್ಲೂ ಮೊದಲಕ್ಷರ, ಕೊನೆಯಕ್ಷರ ಉಳಿಸಿ ನಡುವಿನದನ್ನು ಹಾರಿಸಿದ್ದಾರೆ. ಹೀಗೆ ಮೊಟಕಾದ ಪದಕ್ಕೆ ಬ್ರಿಟಿಷರು ಸಾಮಾನ್ಯವಾಗಿ ಚುಕ್ಕಿ ಇಡುವುದಿಲ್ಲ, ಅಮೆರಿಕದವರು ಇಡುತ್ತಾರೆ. ನಮ್ಮಲ್ಲಿ ಎರಡೂ ನಡೆಯುತ್ತೆ. ಹಾಗಾಗಿ ಚುಕ್ಕಿ ನೋಡಿ ಬೇರ್ಪಡಿಸಲು ಹೋಗಬೇಡಿ.

ಉತ್ತರ: ಕರಡು ತಿದ್ದುವವ
11ರ ವಿಷಯ ಸರಳ. ಅಂಕಿಯ ಪಕ್ಕ ಬರೆಯೋದು ಉಚ್ಚಾರದ ಕೊನೆಯ ಎರಡಕ್ಷರ. 21 ‘ಟ್ವೆಂಟಿ ಫಸ್ಟ್’, 11 ‘ಇಲೆವೆಂತ್’. 11, 12, 13ರಲ್ಲಿ ಮುಗಿಯುವ ಎಲ್ಲಕ್ಕೂ, 111ಕ್ಕೂ 212ಕ್ಕೂ, ಟಿ-ಎಚ್ಚೇ. ಕನ್ನಡದಲ್ಲಿ ಈ ತಲೆನೋವಿಲ್ಲ, ಎಲ್ಲದಕ್ಕೂ ಒಂದೇ ‘ನೇ’.

ಕೆಲಸದ ಕ್ರಮ ಮುಖ್ಯ. ಮೊದಲು ಅಂಕಿಗೆ ಅಂಟಿದವನ್ನು ಮುಗಿಸಿ. ವರ್ಡ್‌ನಲ್ಲಿ ‘ಯೂಸ್ ವೈಲ್ಡ್‌ಕಾರ್ಡ್ಸ್’ ಟಿಕ್ ಮಾಡಿ, ಹುಡುಕುವಲ್ಲಿ ([0-9]) ಬರೆದು ಅದಕ್ಕಂಟಿಸಿ ಎಸ್, ಟಿ, ಬದಲಿಗೆ \1ನೇ. ಈ ಟಿಕ್ ಇದ್ದಾಗ ದೊಡ್ಡಕ್ಷರ, ಸಣ್ಣಕ್ಷರ ಬೇರೆ ಬೇರೆ ಎಂದೇ ಲೆಕ್ಕ. ಆದ್ದರಿಂದ ದೊಡ್ಡಕ್ಷರದವಕ್ಕೆ ಇನ್ನೊಮ್ಮೆ ಓಡಿಸಿ. ಎನ್-ಡಿ, ಆರ್-ಡಿ, ಟಿ-ಎಚ್‌ಗೂ ಇದೇ. ಅಂಕಿಗೂ ‘ನೇ’ಗೂ ನಡುವೆ ಜಾಗ ಬಿಡಬೇಡಿ, ಬಿಟ್ಟರೆ ಲಕೋಟೆಯ ಮೇಲೆ ‘1’ ಒಂದು ಸಾಲಿನಲ್ಲಿ, ‘ನೇ ಕ್ರಾಸ್’ ಮುಂದಿನ ಸಾಲಿನಲ್ಲಿ ಬೀಳುತ್ತೆ. ಸ್ಕ್ಯಾನ್ ಮಾಡಿ ತೆಗೆದ ಪಠ್ಯವಾದರೆ 1 ಇರಬೇಕಾದಲ್ಲಿ ಸಣ್ಣ ‘ಎಲ್’ ಕೂತಿರುತ್ತೆ, ಅದನ್ನು ಬೇರೆಯಾಗಿ ಹುಡುಕಿ.

ಆಮೇಲೆ ವೈಲ್ಡ್‌ಕಾರ್ಡ್ ತೆಗೆದು ‘ಫೈಂಡ್ ಹೋಲ್ ವರ್ಡ್ಸ್ ಓನ್ಲಿ’ ಹಾಕಿ. ಇಲ್ಲದಿದ್ದರೆ ಸ್ಟೇಜ್, ಈಸ್ಟ್, ಪೋಸ್ಟ್ ಎಲ್ಲದರ ಹೊಟ್ಟೆಯಲ್ಲೂ ಇವೇ ಎರಡಕ್ಷರ. ಹೆಸರಿನ ಮುಂಚೆ ಬಂದರೆ ಸೇಂಟ್, ಹೆಸರಿನ ನಂತರ ಬಂದರೆ ಸ್ಟ್ರೀಟ್. ಇಲ್ಲಿ ‘ರಿಪ್ಲೇಸ್ ಆಲ್’ ಒತ್ತಬೇಡಿ, ಒಂದೊಂದೇ ನೋಡಿ. ಚರ್ಚ್ ಸ್ಟ್ರೀಟು ಹೋಗಿ ಸೇರುವುದೇ ಸೇಂಟ್ ಮಾರ್ಕ್ಸ್ ರೋಡಿಗೆ. ಆ ಮೂಲೆಯ ವಿಳಾಸದಲ್ಲಿ ಅಲ್ಪವಿರಾಮ ಬಿಟ್ಟುಹೋಗಿದ್ದರೆ ‘ಚರ್ಚ್ ಎಸ್‌ಟಿ ಎಸ್‌ಟಿ ಮಾರ್ಕ್ಸ್’ ಅಂತ ಎರಡೂ ಬೆನ್ನಿಗೆ ಬೆನ್ನು ಹಚ್ಚಿ ನಿಂತಿರುತ್ತವೆ. ಪಟ್ಟಿಯಲ್ಲಿ ಜಾತಿ ವರ್ಗದ ಕಾಲಂ ಇದ್ದರೆ ಅದನ್ನು ಹೊರಗಿಡಿ. ಅಲ್ಲಿಯದು ಪರಿಶಿಷ್ಟ ಪಂಗಡ.

ಉತ್ತರ: ಕುಡ್ಲದವ
ಒಂದು ಸೇರಿಸ್ತೇನೆ ಮಾರಾಯ್ರೇ. ಸೇಂಟನ್ನೆಲ್ಲ ‘ಸಂತ’ ಮಾಡ್ಲಿಕ್ಕೆ ಹೋಗ್ಬೇಡಿ. ಮಂಗಳೂರಲ್ಲಿ ‘ಸಂತ ಅಲೋಶಿಯಸ್’ ಅಂತ ಬರೀತಾರೆ, ಆದ್ರೆ ಮಲ್ಪೆಯ ದ್ವೀಪ ‘ಸೇಂಟ್ ಮೇರೀಸ್’. ಬೋರ್ಡಲ್ಲಿ ಏನುಂಟೋ ಅದನ್ನೇ ಹಾಕಿ. ಇಂಗ್ಲೆಂಡಿನವರ ಫಾರ್ಮಲ್ಲಿ ತೂಕದ ಜಾಗದಲ್ಲಿ ‘11 ಎಸ್‌ಟಿ’ ಕಂಡ್ರೆ ಅದು ಸ್ಟೋನ್: ಒಂದಕ್ಕೆ 14 ಪೌಂಡ್, ಸುಮಾರು 6.35 ಕಿಲೋ. ಅಂದ್ರೆ ಆ ಮನುಷ್ಯ ಹತ್ತಿರ ಹತ್ತಿರ 70 ಕಿಲೋ.