ಪೆಟ್ ಸ್ಕ್ಯಾನ್ ದಿನ ಮಗು ದೂರ ಇರಲಿ ಅಂದರು, ರೇಡಿಯೇಷನ್‌ಗೆ ಬೇಡ ಅಂತಾರೆ. ಯಾವುದು ಸರಿ?

ಡೊಂಬಿವಲಿಯ ಸದಸ್ಯೆ: ನಮಸ್ಕಾರ. ಅಮ್ಮ ಗದಗದಿಂದ ಬಂದು ನಮ್ಮ ಮನೆಯಲ್ಲಿದ್ದಾರೆ. ಎಡ ಸ್ತನದ ಕ್ಯಾನ್ಸರ್. ಕೀಮೋ, ಆಪರೇಷನ್ ಎರಡೂ ಮುಗಿದಿವೆ. ಸೋಮವಾರದಿಂದ ಮುಂಬೈನ ಪರೇಲ್ ಆಸ್ಪತ್ರೆಯಲ್ಲಿ 15 ರೇಡಿಯೇಷನ್. ಮೊದಲು ಪೆಟ್ ಸ್ಕ್ಯಾನ್ ಮಾಡಿಸಿದ ದಿನ ‘ಇವತ್ತು ಚಿಕ್ಕ ಮಕ್ಕಳನ್ನು ಹತ್ತಿರ ಬಿಡಬೇಡಿ’ ಅಂದಿದ್ದರು. ಈಗ ‘ಮೊಮ್ಮಗಳನ್ನು ಎತ್ತಿಕೊಳ್ಳಿ, ಏನೂ ಆಗಲ್ಲ’ ಅಂತಾರೆ. ಬರೀ ಸ್ಕ್ಯಾನಿಗೇ ಅಷ್ಟು ಹುಷಾರು ಬೇಕಿದ್ದರೆ, ಕ್ಯಾನ್ಸರನ್ನೇ ಸಾಯಿಸುವ ರೇಡಿಯೇಷನ್‌ಗೆ ಬೇಡವಾ? ನನ್ನ ಮಗಳಿಗೆ 3 ವರ್ಷ, ಅಜ್ಜಿ ಪಕ್ಕ ಇಲ್ಲದೆ ಮಲಗುವುದಿಲ್ಲ. ಅಮ್ಮ ಹೆದರಿ ಈಗಲೇ ಬೇರೆ ಕೋಣೆಯಲ್ಲಿ ಹಾಸಿಗೆ ಹಾಕಿಸಿಕೊಂಡಿದ್ದಾರೆ. ಈ ಕೆಲಸ ಮಾಡುವವರು ಗ್ರೂಪಿನಲ್ಲಿ ಇದ್ದೀರಲ್ಲ, ದಯವಿಟ್ಟು ಹೇಳಿ.

ಉತ್ತರ: ಮೊದಲು ಅಮ್ಮನ ಹಾಸಿಗೆಯನ್ನು ಮೊಮ್ಮಗಳ ಪಕ್ಕಕ್ಕೆ ತನ್ನಿ. ಆಮೇಲೆ ಉಳಿದದ್ದು ಓದಿ.

ನಾನು ಡಾಕ್ಟರ್ ಅಲ್ಲ, ರೇಡಿಯೇಷನ್ ಟೆಕ್ನಾಲಜಿಸ್ಟ್. ಮೆಷಿನ್ ಕೆಳಗೆ ಪೇಶಂಟನ್ನು ಮಲಗಿಸಿ ಟ್ರೀಟ್‌ಮೆಂಟ್ ಕೊಡುವವನು. ನೀವು ಕೇಳಿದ್ದು ಸರಿಯಾದ ಪ್ರಶ್ನೆ. ಆಸ್ಪತ್ರೆಯವರು ಹೇಳಿದ ಎರಡು ಮಾತೂ ಸರಿ.

ಪೆಟ್ ಸ್ಕ್ಯಾನ್ ದಿನ ಅಮ್ಮನಿಗೆ ಒಂದು ಇಂಜೆಕ್ಷನ್ ಕೊಟ್ಟಿರುತ್ತಾರೆ. ಅದು ಸಕ್ಕರೆಯಂಥ ಒಂದು ವಸ್ತು, ಅದಕ್ಕೆ ಫ್ಲೋರಿನ್-18 ಎಂಬ ಕಿರಣ ಸೂಸುವ ವಸ್ತುವನ್ನು ಅಂಟಿಸಿರುತ್ತಾರೆ. ಕ್ಯಾನ್ಸರ್ ಕಣಗಳಿಗೆ ಸಕ್ಕರೆಯ ಹಸಿವು ಜಾಸ್ತಿ. ಅವು ಅದನ್ನು ಎಳೆದುಕೊಳ್ಳುತ್ತವೆ, ಅಲ್ಲಿಂದ ಕಿರಣ ಹೊರಗೆ ಬರುತ್ತದೆ, ಮೆಷಿನ್ ಅದನ್ನು ಹಿಡಿದು ಚಿತ್ರ ಮಾಡುತ್ತದೆ. ಹೊಟ್ಟೆ ಖಾಲಿ ಇಟ್ಟುಕೊಂಡು ಬನ್ನಿ, ಇಂಜೆಕ್ಷನ್ ಆದ ಮೇಲೆ ಓಡಾಡಬೇಡಿ, ಮಾತಾಡಬೇಡಿ ಅನ್ನುವುದೂ ಇದಕ್ಕೇ. ಕೆಲಸ ಮಾಡುವ ಸ್ನಾಯುವೂ ಸಕ್ಕರೆ ಎಳೆದುಕೊಳ್ಳುತ್ತದೆ, ಚಿತ್ರ ಕೆಡುತ್ತದೆ. ಅಂದರೆ ಆ ದಿನ ಕಿರಣ ಅಮ್ಮನ ಮೈಯೊಳಗಿಂದಲೇ ಬರುತ್ತಿತ್ತು. ಅದಕ್ಕೇ ಮಗು ದೂರ ಇರಲಿ ಅಂದರು. ಫ್ಲೋರಿನ್-18 ಪ್ರತಿ 110 ನಿಮಿಷಕ್ಕೆ ಅರ್ಧ ಆಗುತ್ತದೆ. ಐದೂವರೆ ಗಂಟೆಗೆ ಎಂಟರಲ್ಲಿ ಒಂದು ಪಾಲು. ಮೂತ್ರದಲ್ಲೂ ಹೋಗುತ್ತದೆ. ಮಾರನೇ ದಿನಕ್ಕೆ ಲೆಕ್ಕಕ್ಕೇ ಸಿಗದಷ್ಟು ಕಮ್ಮಿ.

ಈಗ ಶುರುವಾಗುವುದು ಲಿನಾಕ್ ಮೆಷಿನ್ನಿನದು. ಅದು ಕರೆಂಟಿನಿಂದ ಎಲೆಕ್ಟ್ರಾನುಗಳನ್ನು ಜೋರಾಗಿ ಓಡಿಸಿ, ಲೋಹಕ್ಕೆ ಬಡಿಸಿ ಎಕ್ಸ್‌ರೇ ಹುಟ್ಟಿಸುತ್ತದೆ. ಸ್ವಿಚ್ ಹಾಕಿದಾಗ ಕಿರಣ ಇದೆ, ಆರಿಸಿದಾಗ ಇಲ್ಲ. ರೂಮಿನ ಲೈಟ್ ಆರಿಸಿದ ಮೇಲೆ ಗೋಡೆಯಲ್ಲಿ ಬೆಳಕು ಉಳಿಯುತ್ತದೆಯೇ? ಇದೂ ಹಾಗೆಯೇ. ಟ್ರೀಟ್‌ಮೆಂಟ್ ಮುಗಿದ ಕ್ಷಣ ನಾವೇ ಒಳಗೆ ಓಡಿಹೋಗಿ ಪೇಶಂಟಿನ ಕೈ ಹಿಡಿದು ಎಬ್ಬಿಸುತ್ತೇವೆ.

ಅಮ್ಮನ ಸೀರೆ, ತಟ್ಟೆ, ಲೋಟ ಯಾವುದನ್ನೂ ಬೇರೆ ಮಾಡಬೇಡಿ. ಥೈರಾಯ್ಡ್ ಕ್ಯಾನ್ಸರಿಗೆ ಕಿರಣ ಸೂಸುವ ಅಯೋಡಿನ್-131 ಕುಡಿಸಿದವರ ವಿಷಯ ಮಾತ್ರ ಬೇರೆ. ಅದು ಅರ್ಧ ಆಗಲು 8 ದಿನ ಬೇಕು, ಅವರು ಕೆಲವು ದಿನ ಪ್ರತ್ಯೇಕ ಇರಬೇಕಾಗುತ್ತದೆ. ಯಾರೋ ನೆಂಟರು ಆ ಕಥೆ ಕೇಳಿ ನಿಮ್ಮಮ್ಮನನ್ನು ಹೆದರಿಸಬಾರದು ಅಂತ ಹೇಳಿದೆ.

ಥಾಣೆಯ ಸದಸ್ಯ: ಊರಲ್ಲಿ ‘ಕರೆಂಟ್ ಕೊಡ್ತಾರೆ’ ಅಂತಾರೆ. ಇಲ್ಲಿ ‘ಬಿಜ್ಲಿ ಕೀ ಸಿಕಾಯಿ’ (ಕರೆಂಟಿನ ಶಾಖ) ಅಂತಾರೆ. ಶಾಕ್ ಹೊಡೆಯುತ್ತದಾ? ಇನ್ನೊಂದು. ನಮ್ಮ ಅತ್ತಿಗೆಗೆ 10 ವರ್ಷದ ಹಿಂದೆ 25 ಸಲ ಕೊಟ್ಟಿದ್ದರು. ಇವರಿಗೆ 15 ಯಾಕೆ? ರಶ್ ಜಾಸ್ತಿ ಅಂತ ಕಮ್ಮಿ ಮಾಡಿದ್ದಾರಾ?

ಉತ್ತರ: ಶಾಕ್ ಇಲ್ಲ, ಬಿಸಿ ಇಲ್ಲ, ನೋವಿಲ್ಲ. ಎಕ್ಸ್‌ರೇ ತೆಗೆಸಿದ ಹಾಗೇ. ‘ಕರೆಂಟ್’ ಎಂಬ ಆ ಒಂದು ಮಾತಿನಿಂದ ಎಷ್ಟು ಹೆಂಗಸರು ಟೇಬಲ್ ಮೇಲೆ ನಡುಗುತ್ತಾ ಮಲಗುತ್ತಾರೆ ಅನ್ನುವುದನ್ನು ನಾನು ದಿನಾ ನೋಡುತ್ತೇನೆ. ಮನೆಯಲ್ಲಿ ದಯವಿಟ್ಟು ಆ ಪದ ಬಿಡಿ.

15 ಅಂದರೆ ಅರ್ಧಂಬರ್ಧ ಚಿಕಿತ್ಸೆ ಅಲ್ಲ. ಗ್ರೇ ಅಂದರೆ ರೇಡಿಯೇಷನ್ ಪ್ರಮಾಣ ಅಳೆಯುವ ಮಾನ. ಮೊದಲು ದಿನಕ್ಕೆ 2 ಗ್ರೇಯಂತೆ 25 ದಿನ, ಒಟ್ಟು 50 ಗ್ರೇ ಕೊಡುತ್ತಿದ್ದರು. ಈಗ ದಿನದ ಪ್ರಮಾಣ ಸ್ವಲ್ಪ ಹೆಚ್ಚಿಸಿ 15 ದಿನದಲ್ಲಿ 40 ಗ್ರೇ. ಬ್ರಿಟನ್ನಿನಲ್ಲಿ ಎರಡು ಸಾವಿರಕ್ಕೂ ಹೆಚ್ಚು ಹೆಂಗಸರಲ್ಲಿ ಎರಡನ್ನೂ ಹೋಲಿಸಿದರು, 10 ವರ್ಷದ ಫಲಿತಾಂಶ 2013ರಲ್ಲಿ ಬಂತು. ಕ್ಯಾನ್ಸರ್ ತಡೆಯುವುದರಲ್ಲಿ 15 ಹಿಂದೆ ಬೀಳಲಿಲ್ಲ. ನಿಮ್ಮ ಅತ್ತಿಗೆಗೆ ಆದದ್ದು ಆ ಕಾಲಕ್ಕೆ ಸರಿ, ಇವರಿಗೆ ಆಗುತ್ತಿರುವುದೂ ಸರಿ.

ಪನ್ವೇಲ್‌ನ ಸದಸ್ಯ: ಅಪ್ಪನಿಗೆ ಗಂಟಲ ಕ್ಯಾನ್ಸರ್. 35 ಸಲ. ಮುಖಕ್ಕೆ ಜಾಲರಿ ಮಾಸ್ಕ್ ಹಾಕಿ ಟೇಬಲ್ಲಿಗೆ ಬಿಗಿಯುತ್ತಾರಂತೆ. ಉಸಿರು ಕಟ್ಟುತ್ತದೆ ಅಂತ ಅಪ್ಪ ಈಗಲೇ ಒಲ್ಲೆ ಅನ್ನುತ್ತಿದ್ದಾರೆ. ನಡುವೆ ಊರಲ್ಲಿ ಮದುವೆಯೂ ಇದೆ, ಎರಡು ದಿನ ಬಿಟ್ಟರೆ ನಡೆಯುತ್ತದಾ?

ಉತ್ತರ: ಮಾಸ್ಕ್ ಅಂದರೆ ತೂತಿರುವ ಪ್ಲಾಸ್ಟಿಕ್ ಹಾಳೆ. ಬಿಸಿನೀರಿನಲ್ಲಿ ಅದ್ದಿದರೆ ಒದ್ದೆ ಬಟ್ಟೆಯ ಹಾಗೆ ಮೆತ್ತಗಾಗುತ್ತದೆ. ಮುಖದ ಮೇಲೆ ಎಳೆದು ಕೂರಿಸುತ್ತೇವೆ, ಕೆಲವು ನಿಮಿಷಕ್ಕೆ ತಣ್ಣಗಾಗಿ ಗಟ್ಟಿಯಾಗುತ್ತದೆ. ಮೂಗು, ಬಾಯಿ ಎರಡರಿಂದಲೂ ಉಸಿರಾಡಬಹುದು. ಕ್ಯಾಮೆರಾದಲ್ಲಿ ನಾವು ನೋಡುತ್ತಲೇ ಇರುತ್ತೇವೆ. ಕೈ ಎತ್ತಿದರೆ ಸಾಕು, ಕಿರಣ ನಿಲ್ಲಿಸಿ ಒಳಗೆ ಬರುತ್ತೇವೆ. ಇದನ್ನು ಅಪ್ಪನಿಗೆ ಮೊದಲೇ ಹೇಳಿಡಿ. ಬಾಯಿ ಹುಣ್ಣಾಗಿ ಊಟ ಕಮ್ಮಿಯಾಗುತ್ತದೆ, ತೂಕ ಇಳಿದು ಮಾಸ್ಕ್ ಸಡಿಲವಾಗುತ್ತದೆ. ಸಡಿಲ ಅನಿಸಿದ ದಿನವೇ ಹೇಳಬೇಕು. ಖಾರ, ಹುಳಿ ಬಿಟ್ಟು ಗಂಜಿ, ರಾಗಿ ಅಂಬಲಿ, ಮಜ್ಜಿಗೆ ಅನ್ನ, ಮೊಟ್ಟೆ ಕೊಡಿ. ಹಲ್ಲಿನ ಡಾಕ್ಟರಿಗೆ ಶುರುವಾಗುವ ಮೊದಲೇ ತೋರಿಸಿ. ಆಮೇಲೆ ಹಲ್ಲು ಕೀಳಿಸುವುದು ತುಂಬ ಕಷ್ಟ, ದವಡೆ ಮೂಳೆ ಬೇಗ ಮಾಯುವುದಿಲ್ಲ.

ಮದುವೆಗೆ ಹೋಗಬೇಡಿ. ನಿಷ್ಠುರವಾಗಿ ಹೇಳುತ್ತಿದ್ದೇನೆ, ಬೇಜಾರು ಮಾಡಿಕೊಳ್ಳಬೇಡಿ. ಗಂಟಲಿನ ಕ್ಯಾನ್ಸರಿನಲ್ಲಿ ಬಿಟ್ಟ ದಿನಗಳಲ್ಲಿ ಉಳಿದ ಕಣಗಳು ಮತ್ತೆ ಬೆಳೆಯುತ್ತವೆ. ಕೊನೆಗೆ ಎರಡು ದಿನ ಸೇರಿಸಿದರೆ ಆ ನಷ್ಟ ಪೂರ್ತಿ ತುಂಬುವುದಿಲ್ಲ. ಮಳೆಗಾಲದಲ್ಲಿ ಕುರ್ಲಾ-ಸಾಯನ್ ನಡುವೆ ನೀರು ನಿಂತು ಲೋಕಲ್ ನಿಂತರೆ ಅದು ಯಾರ ಕೈಯಲ್ಲೂ ಇಲ್ಲ. ಆಗ ಕೂಡಲೇ ಫೋನ್ ಮಾಡಿ. ಶನಿವಾರ ಕೊಡಬಹುದು, ಅಥವಾ ಒಂದೇ ದಿನ ಕನಿಷ್ಠ 6 ಗಂಟೆ ಬಿಟ್ಟು ಎರಡು ಸಲ ಕೊಡಬಹುದು. ಡಾಕ್ಟರ್ ನಿರ್ಧರಿಸುತ್ತಾರೆ. ಸುಮ್ನೆ ಮನೆಯಲ್ಲಿ ಕೂತುಬಿಡಬೇಡಿ. ದಿನಾ ಓಡಾಟ ಆಗದಿದ್ದರೆ ಆಸ್ಪತ್ರೆಯ ಸೋಷಿಯಲ್ ವರ್ಕರನ್ನು ಕೇಳಿ. ದಾದರ್‌ನಲ್ಲಿ ಗಾಡ್ಗೆ ಮಹಾರಾಜರ ಧರ್ಮಶಾಲೆಯಂಥ ಜಾಗಗಳಿವೆ, ಕ್ಯಾನ್ಸರ್ ಪೇಶಂಟುಗಳು ಅಲ್ಲಿ ಉಳಿದುಕೊಳ್ಳುತ್ತಾರೆ.

ಥಾಣೆಯ ಸದಸ್ಯ: ಖಾರ್‌ಘರ್‌ನಲ್ಲಿ ಪ್ರೋಟಾನ್ ಬಂದಿದೆಯಲ್ಲ, ಎಲ್ಲರೂ ಅದನ್ನೇ ಮಾಡಿಸಬಹುದಲ್ವಾ?

ಉತ್ತರ: ಬೇಡ. ಪ್ರೋಟಾನ್ ಅನ್ನುವುದು ಎಕ್ಸ್‌ರೇ ಬದಲು ಕೊಡುವ ಇನ್ನೊಂದು ಬಗೆಯ ಕಿರಣ. ಅದು ಗುರಿ ಮುಟ್ಟಿ ಅಲ್ಲೇ ನಿಲ್ಲುತ್ತದೆ, ಆಚೆ ದಾಟುವುದಿಲ್ಲ. ಮಕ್ಕಳಿಗೆ, ಮೆದುಳಿನ ಬುಡದ ಗಡ್ಡೆಗೆ ಅದರಿಂದ ದೊಡ್ಡ ಉಪಕಾರ. ಎಲ್ಲರಿಗೂ ಅದರ ಅಗತ್ಯ ಇಲ್ಲ.

ಡೊಂಬಿವಲಿಯ ಸದಸ್ಯೆ: ತುಂಬ ಥ್ಯಾಂಕ್ಸ್. ಅಮ್ಮನಿಗೆ ಓದಿ ಹೇಳಿದೆ, ಹಾಸಿಗೆ ವಾಪಸ್ ಬಂತು. ಅಮ್ಮನಿಗೆ ಉಸಿರು ಹಿಡಿಯಬೇಕು ಅಂತ ಹೇಳಿದ್ದಾರಂತೆ. ಅವರಿಗೆ ಹಿಂದಿ ಬರಲ್ಲ, ಅದೇ ಚಿಂತೆ.

ಉತ್ತರ: ಎಡಗಡೆ ಆದ್ದರಿಂದ ಉಸಿರು ಹಿಡಿಸುತ್ತಾರೆ. ಎದೆ ತುಂಬ ಗಾಳಿ ತೆಗೆದುಕೊಂಡರೆ ಹೃದಯ ಸ್ತನದಿಂದ ದೂರ ಸರಿಯುತ್ತದೆ, ಅದಕ್ಕೆ ಕಿರಣ ಕಮ್ಮಿ ತಾಗುತ್ತದೆ. ಕೆಲವು ವರ್ಷದ ಹಿಂದೆ ಬಾಗಲಕೋಟೆ ಕಡೆಯ ಒಬ್ಬ ಅಜ್ಜಿ ಇದ್ದರು. ಸ್ಪೀಕರಿನಲ್ಲಿ ‘ಸಾಂಸ್ ರೋಕೋ’ (ಉಸಿರು ಹಿಡಿ) ಅಂದ ಕೂಡಲೇ ಅವರು ಉಸಿರು ಪೂರ್ತಿ ಹೊರಗೆ ಬಿಟ್ಟು ಬಿಗಿಯಾಗಿ ಮಲಗುತ್ತಿದ್ದರು. ಪರದೆಯಲ್ಲಿ ಉಸಿರು ತೋರಿಸುವ ಗೆರೆ ಮೇಲೆ ಹೋಗುವ ಬದಲು ಕೆಳಗೆ ಬೀಳುತ್ತಿತ್ತು. ಎರಡು ದಿನ ಹೀಗೇ ಆಯಿತು. ಮೂರನೇ ದಿನ ನಾನು ಮೈಕ್ ತೆಗೆದುಕೊಂಡು ‘ಅಜ್ಜಿ, ಉಸಿರು ಒಳಗೆ ತಗೊಳ್ಳಿ, ಹಾಂ, ಹಿಡ್ಕೊಳ್ಳಿ’ ಅಂದೆ. ಗೆರೆ ನೇರ ಮೇಲೆ ಹೋಗಿ ಅಲ್ಲೇ ನಿಂತಿತು. ಅವರಿಗೆ ಉಸಿರು ಹಿಡಿಯಲು ಬರುತ್ತಿತ್ತು, ನಾವು ಹೇಳಿದ್ದು ತಿಳಿದಿರಲಿಲ್ಲ ಅಷ್ಟೇ. ಮೊದಲ ದಿನ ನೀವು ಜೊತೆಗೆ ಹೋಗಿ, ಆ ಮೂರು ಕನ್ನಡ ಮಾತನ್ನು ಕಾಗದದ ಮೇಲೆ ಹಿಂದಿ ಅಕ್ಷರದಲ್ಲಿ ಬರೆದು ಅಲ್ಲಿಯವರಿಗೆ ಕೊಡಿ. ಖಂಡಿತ ಓದಿ ಹೇಳುತ್ತಾರೆ.

ಡೊಂಬಿವಲಿಯ ಸದಸ್ಯೆ: ಅಮ್ಮ ಈಗಲೇ ಮಲಗಿ ಅಭ್ಯಾಸ ಮಾಡುತ್ತಿದ್ದಾರೆ. ಮಗಳು ಎಣಿಸುತ್ತಿದ್ದಾಳೆ. 12ರವರೆಗೆ ಆಗುತ್ತಿದೆ.

ಉತ್ತರ: 15ರಿಂದ 20ರವರೆಗೆ ಬಂದರೆ ಸಾಕು. ಸೋಮವಾರದವರೆಗೆ ದಿನಕ್ಕೆ ನಾಲ್ಕು ಸಲ ಮಾಡಲಿ, ಬಲವಂತ ಬೇಡ. ಉಸಿರು ತೆಗೆದುಕೊಳ್ಳುವಾಗ ಬೆನ್ನು ಹಾಸಿಗೆಯಿಂದ ಮೇಲೆ ಏಳಬಾರದು, ಎದೆ ಮಾತ್ರ ತುಂಬಬೇಕು. ಬೆನ್ನ ಕೆಳಗೆ ನಿಮ್ಮ ಕೈ ಇಟ್ಟು ನೋಡಿ.