ಕಬ್ಬಿಣಾಂಶದ ‘ಹೀರಿಕೆ’: ಒಂದೇ ಪದ ಸಾಕೇ?

ಮಾನ್ವಿ ಕಡೆಯ ಆಶಾ ಕಾರ್ಯಕರ್ತೆಯರಿಗಾಗಿ ರಕ್ತಹೀನತೆಯ ಕುರಿತು ಕೈಪಿಡಿಯೊಂದನ್ನು ಬರೆಯುತ್ತಿದ್ದೇನೆ. ಕರುಳಿನ ಒಳಪದರದ ಕೆಲಸವನ್ನು ವಿವರಿಸುವಾಗ ಪಠ್ಯಪುಸ್ತಕಗಳ ‘ಹೀರಿಕೆ’ ಎಂಬ ಪದವೊಂದೇ ಸಾಲದೆನಿಸಿದ್ದರಿಂದ ಬಲ್ಲವರ ಅಭಿಪ್ರಾಯ ಕೇಳುತ್ತಿದ್ದೇನೆ.

ಸಣ್ಣ ಕರುಳಿನ ಒಳಮೈಯನ್ನು ಒಂದೇ ಸಾಲಿನ ಜೀವಕೋಶಗಳು ಹೊದ್ದಿರುತ್ತವೆ. ಪ್ರತಿ ಕೋಶದ ಒಂದು ಮುಖ ಆಹಾರದ ಕಡೆಗೆ, ಇನ್ನೊಂದು ರಕ್ತನಾಳದ ಕಡೆಗೆ. ಆಹಾರದ ಕಬ್ಬಿಣಾಂಶ ಮೊದಲ ಮುಖದಿಂದ ಕೋಶದೊಳಗೆ ಬಂದರೂ, ರಕ್ತ ಸೇರಬೇಕಾದರೆ ಎರಡನೆಯ ಮುಖದಲ್ಲಿರುವ ಫೆರೋಪೋರ್ಟಿನ್ ಎಂಬ ಪ್ರೋಟೀನಿನ ಮೂಲಕವೇ ದಾಟಬೇಕು. ದೇಹದಲ್ಲಿ ಕಬ್ಬಿಣಾಂಶ ಸಾಕಷ್ಟಿದ್ದಾಗ ಯಕೃತ್ತು ಹೆಪ್ಸಿಡಿನ್ ಎಂಬ ಹಾರ್ಮೋನನ್ನು ಹೆಚ್ಚಿಸಿ ಆ ದಾರಿಯನ್ನು ಮುಚ್ಚಿಸುತ್ತದೆ. ಆಗ ಕೋಶದಲ್ಲೇ ಫೆರಿಟಿನ್ (ಕಬ್ಬಿಣಾಂಶವನ್ನು ಕೂಡಿಡುವ ಪ್ರೋಟೀನು) ರೂಪದಲ್ಲಿ ಉಳಿದದ್ದು, ಸುಮಾರು 3ರಿಂದ 5 ದಿನಗಳಲ್ಲಿ ಆ ಕೋಶ ಉದುರಿದಾಗ ಅದರೊಂದಿಗೇ ಮಲದಲ್ಲಿ ಹೊರಹೋಗುತ್ತದೆ. ಹೀಗೆ ಕೋಶದವರೆಗೆ ಬಂದು ರಕ್ತ ಸೇರದೆ ಹೋದ ಕಬ್ಬಿಣಾಂಶವನ್ನು ಕರುಳು ‘ಹೀರಿದೆ’ ಎನ್ನಬೇಕೋ, ಬೇಡವೋ?

ಇದು ಬರಿಯ ಪದದ ಪ್ರಶ್ನೆಯಲ್ಲ. ಜೋಳದಲ್ಲಿರುವ, ಕಬ್ಬಿಣಾಂಶವನ್ನು ಹಿಡಿದಿಟ್ಟುಕೊಳ್ಳುವ ಫೈಟೇಟ್ ಎಂಬ ವಸ್ತು, ಊಟದ ಜೊತೆಗೆ ಕುಡಿದ ಚಹಾ ಇವು ಕಬ್ಬಿಣಾಂಶ ಕೋಶದೊಳಗೆ ಬರುವುದನ್ನೇ ತಡೆಯುತ್ತವೆ. ಪುಂಡಿಪಲ್ಯದ ಮೇಲೆ ನಿಂಬೆಹಣ್ಣು ಹಿಂಡಿಕೊಂಡರೆ ಅದೇ ಹಂತಕ್ಕೆ ಅನುಕೂಲ. ಸೋಂಕು ಅಥವಾ ಉರಿಯೂತವಿದ್ದಾಗ ಹೆಪ್ಸಿಡಿನ್ ಏರುವುದರಿಂದ ತಡೆ ಬೀಳುವುದು ಎರಡನೆಯ ಹಂತದಲ್ಲಿ. ಮಾತ್ರೆ ನುಂಗಿದರೂ ರಕ್ತ ಏರದ ಬಾಣಂತಿಗೆ ಕಾರಣ ಹೇಳಬೇಕಾದ ಕಾರ್ಯಕರ್ತೆಗೆ ಈ ವ್ಯತ್ಯಾಸ ತಿಳಿದಿರಲೇಬೇಕು.

‘ಹೀರು’ ಎಂದಾಗ ಎರೆಭೂಮಿ ಮಳೆನೀರನ್ನು ಹೀರಿದಂತೆ, ಬಂದದ್ದೆಲ್ಲ ಒಳಗೆ ಇಳಿಯಿತೆಂಬ ಅರ್ಥ ಬರುತ್ತದೆ. ಬೇಕಾದಷ್ಟನ್ನೇ ಬಿಟ್ಟುಕೊಳ್ಳುವ ಭಾವ ಅದರಲ್ಲಿಲ್ಲ. ಸದ್ಯಕ್ಕೆ ನಾನು ಮೊದಲ ಹಂತಕ್ಕೆ ‘ಕೋಶ ಸೇರುವುದು’, ಎರಡನೆಯದಕ್ಕೆ ‘ರಕ್ತ ಸೇರುವುದು’ ಎಂದು ಬರೆದಿದ್ದೇನೆ. ರಾಯಚೂರು ಸೀಮೆಯಲ್ಲಿ ‘ಉಂಡದ್ದು ಮೈಗೆ ಹತ್ತವಲ್ದು’ ಎಂಬ ಮಾತು ಎಲ್ಲರ ಬಾಯಲ್ಲೂ ಇದೆ. ಎರಡು ಹಂತವೂ ಮುಗಿದ ಮೇಲಿನ ಫಲಕ್ಕೆ ‘ಮೈಗೆ ಹತ್ತು’ ಎಂಬುದನ್ನೇ ಬಳಸಬೇಕೆಂಬುದು ನನ್ನ ಬಲವಾದ ಇಚ್ಛೆ. ಆದರೆ ‘ಮೈಹತ್ತುವಿಕೆ’ ಎಂದು ನಾಮಪದ ಮಾಡಿದರೆ ಕಿವಿಗೆ ಒರಟಾಗುತ್ತದೆ. ಇದಕ್ಕೆ ಸಹಜವಾದ ನಾಮಪದವುಂಟೇ? ಕೊಪ್ಪಳ, ಬಳ್ಳಾರಿಯ ಕಡೆಯೂ ಈ ಮಾತನ್ನು ಇದೇ ಅರ್ಥದಲ್ಲಿ, ಮಕ್ಕಳಿಗೂ ದನಕರುಗಳಿಗೂ ಒಂದೇ ರೀತಿ ಬಳಸುತ್ತಾರೆಯೇ ಎಂದು ದಯವಿಟ್ಟು ತಿಳಿಸಿ.